ಪಿಸ್ತೂಲು ಒರೆಸುವ ಕೋಣೆಯಲ್ಲಿ ಗುಂಡಿರಬಾರದು

ಓಯ್ವ ಪಿಸ್ತೂಲು ಒರೆಸಲು ಕೂತನೆಂದರೆ ಅವನ ಹೆಂಡತಿ ಸೈಮಿಗೆ ಆ ಹೊತ್ತು ಅಡುಗೆಮನೆ ಇಲ್ಲವೆಂದೇ ಲೆಕ್ಕ. ಮೇಜಿನ ತುಂಬ ಹಳೇ ಪೇಪರು, ಎಣ್ಣೆ ಶೀಸೆ, ಮಸಿ ಮೆತ್ತಿದ ಬಟ್ಟೆ ಚೂರುಗಳು. ಮಸಿ ಕರಗಿಸುವ ಆ ದ್ರಾವಣದ ನಾತಕ್ಕೆ ಒಲೆಯಲ್ಲಿ ಬೇಯುವ ಪುಲ್ಲಾ ಬನ್ನಿನ ಏಲಕ್ಕಿ ಘಮವೂ ಸತ್ತುಹೋಗುತ್ತಿತ್ತು. ಹಿಮದ ನಾಡಿನ ಪಿಹ್ಲಾವಾರ ಹಳ್ಳಿಗೆ ಇದು ಹೊಸ ಜಗಳವೇನಲ್ಲ. ಅಲ್ಲಿ ಅರ್ಧ ಊರೇ ಶೂಟಿಂಗ್ ಕ್ಲಬ್ಬಿನ ಸದಸ್ಯರು. ಶನಿವಾರ ಬಂತೆಂದರೆ ಮೊದಲು ಪಿಸ್ತೂಲಿಗೆ ಸ್ನಾನ, ಆಮೇಲೆ ಬಿಸಿ ಹಬೆಯ ಸೌನಾದಲ್ಲಿ ಮನುಷ್ಯರಿಗೆ.

ಆದರೆ ಈ ಶನಿವಾರ ಮಗಳು ಮರಿತ್ತಾ ತನ್ನ ಚೊಚ್ಚಲ ಕೂಸನ್ನು ಎತ್ತಿಕೊಂಡು ಮೊದಲ ಸಲ ತವರಿಗೆ ಬಂದಿದ್ದಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಸದ್ಯಕ್ಕೆ ಎಲ್ಲರ ಬಾಯಲ್ಲೂ ಅದು ಗುಬ್ಬಿ. ಬರುವ ಮೊದಲೇ ಮರಿತ್ತಾ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಅಮ್ಮ, ನಾನಿರೋಷ್ಟು ದಿನ ಅಪ್ಪನ ಪಿಸ್ತೂಲು ಬೀರು ಬಿಟ್ಟು ಹೊರಗೆ ಬರಬಾರ್ದು. ಬಂತೋ, ನಾನು ಮಗೂನ ಎತ್ಕೊಂಡು ಮುಂದಿನ ಬಸ್ಸಿಗೆ ಹೊರಟೆ. ಮತ್ತೆ ಬರೋದೂ ಇಲ್ಲ."

"ಆಯ್ತಮ್ಮ, ನಾನು ನೋಡ್ಕೋತೀನಿ" ಎಂದು ಸೈಮಿ ಮಾತು ಕೊಟ್ಟಿದ್ದಳು.

ಕೊಟ್ಟಳು ಸರಿ, ಗಂಡ ಕೇಳಬೇಕಲ್ಲ! ಊಟ ಮುಗಿಸಿ, ಪ್ರಯಾಣದ ಆಯಾಸಕ್ಕೆ ಮರಿತ್ತಾ ಮಹಡಿ ಮೇಲೆ ಮಲಗಿದ್ದೇ ತಡ, ಓಯ್ವ ಕಬ್ಬಿಣದ ಬೀರು ತೆಗೆದು ಪಿಸ್ತೂಲು ತಂದೇಬಿಟ್ಟ.

"ನಿನಗೇನು ಬುದ್ಧಿ ಗಿದ್ದಿ ಇದೆಯೇನೋ?" ಸೈಮಿ ಪಿಸುಮಾತಿನಲ್ಲೇ ಗದರಿದಳು. "ಮಗಳು ಎದ್ದು ಬಂದ್ರೆ ಏನ್ ಹೇಳ್ಲಿ ನಾನು?"

"ಅವಳು ಏಳೋದ್ರೊಳಗೆ ಮುಗ್ಸಿ ಇಟ್ಬಿಡ್ತೀನಿ ಕಣೇ. ನಿನ್ನೆ ಮೈದಾನದಲ್ಲಿ ಎಲ್ಲರೆದುರು ನನ್ನ ಮಾನ ಹೋಯ್ತು. ಗುಂಡು ಹಾರಲೇ ಇಲ್ಲ, ಸಿಕ್ಹಾಕ್ಕೊಂಡು ಕೂತ್ಬಿಡ್ತು. ಆ ಚಿಳ್ಳೆಪಿಳ್ಳೆಗಳೆಲ್ಲ ನಕ್ರು."

"ನಗಲಿ ಬಿಡು. ನಕ್ರೆ ಸವೆದುಹೋಗ್ತೀಯಾ?"

ಓಯ್ವ ಆಗಲೇ ಪೇಪರು ಹಾಸಿದ್ದ. ನಿಜ ಹೇಳಬೇಕೆಂದರೆ ಕೈಕೆಲಸದಲ್ಲಿ ಅವನು ಒರಟನಲ್ಲ. ಮೊದಲು ಗುಂಡು ತುಂಬುವ ಮ್ಯಾಗಜಿನ್ ಹೊರಗೆಳೆದ, ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದು ಹಿಡಿದು ಗುಂಡು ಕೂರುವ ಗೂಡಿನೊಳಗೆ ಕಣ್ಣಿಟ್ಟು ನೋಡಿದ, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಿದ. ಖಾಲಿ. ಆಮೇಲೆಯೇ ಬಿಚ್ಚಿದ್ದು. ಇಷ್ಟು ಜೋಪಾನದ ಮನುಷ್ಯನಿಗೆ ಯಾರಾದರೂ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಅದೇ ಅವನ ರೋಗ.

ಅಷ್ಟರಲ್ಲಿ ಗುಬ್ಬಿಗೆ ನಿದ್ದೆಯ ಹೊತ್ತಾಯಿತು. ಆ ಊರಿನ ಕೂಸುಗಳೆಲ್ಲ ಹಗಲು ನಿದ್ದೆ ಮಾಡುವುದು ಹೊರಗೆ, ತಣ್ಣನೆ ಗಾಳಿಯಲ್ಲಿ. ಸೈಮಿ ಕೂಸಿಗೆ ಉಣ್ಣೆ ಟೋಪಿ ಹಾಕಿ, ಕುರಿತುಪ್ಪಳದ ಚೀಲದಲ್ಲಿ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿದಳು. ಮುಂದಿನ ಜಗಲಿಯಲ್ಲಿ ಗಾಳಿ ಜೋರಾಗಿತ್ತು. ಅದಕ್ಕೇ ಗಾಡಿಯನ್ನು ಮನೆಯ ಹಿಂದಕ್ಕೆ ತಳ್ಳಿಕೊಂಡು ಹೋಗಿ ಅಡುಗೆಮನೆಯ ಕಿಟಕಿಯ ಕೆಳಗೆ, ಗೋಡೆಗೆ ಒತ್ತಿ ನಿಲ್ಲಿಸಿದಳು. ಅತ್ತರೆ ಒಳಗೆ ಕೇಳಿಸುತ್ತದಲ್ಲ.

ಅವಳು ಒಳಗೆ ಬಂದಾಗ ನೆರೆಮನೆಯ ರೌನಿ ಬಂದು ಕೂತಿದ್ದಳು. ಕ್ಲಬ್ಬಿನ ಮೈದಾನದಲ್ಲಿ ಗುಂಡು ಹಾರಿಸುವವರ ಮೇಲೆ ಕಣ್ಣಿಡುವ ಉಸ್ತುವಾರಿ ಅವಳದೇ. ಮಾತು ಖಾರ, ಮನಸ್ಸು ಮೆತ್ತಗೆ. ಓಯ್ವ ನಿನ್ನೆ ಸಿಟ್ಟಿನಲ್ಲಿ ಮೈದಾನದಲ್ಲೇ ಬಿಟ್ಟು ಬಂದಿದ್ದ ಕೈಗವಸು ಕೊಡಲು ಬಂದವಳು, ಮೇಜಿನ ಮೇಲೆ ಕಣ್ಣು ಹಾಯಿಸಿದ್ದೇ ಹಣೆ ಚಚ್ಚಿಕೊಂಡಳು.

"ಇದೇನೋ ಓಯ್ವ, ಪಿಸ್ತೂಲಿಗೆ ಒಗ್ಗರಣೆ ಹಾಕ್ತಿದ್ದೀಯಾ? ಎಣ್ಣೆ ತೊಟ್ಟಿಕ್ತಾ ಇದೆ!"

"ಜಾಸ್ತಿ ಎಣ್ಣೆ ಹಾಕಿದ್ರೆ ಚೆನ್ನಾಗಿ ಜಾರತ್ತೆ. ಅಷ್ಟೂ ಗೊತ್ತಾಗಲ್ವಾ?"

"ಜಾರತ್ತೆ, ಈ ಬೆಚ್ಚಗಿನ ಅಡುಗೆಮನೇಲಿ. ಹೊರಗಿನ ಚಳೀಲಿ? ಅದೇ ಎಣ್ಣೆ ಗಟ್ಟಿಯಾಗಿ ಜೇನುತುಪ್ಪದ ಹಾಗೆ ಅಂಟತ್ತೆ. ಅದರ ಜೊತೆ ಮದ್ದಿನ ಮಸಿ ಸೇರಿದ್ರೆ ಅಂಟೇ ಸರಿ. ನಿನ್ನೆ ಸಿಕ್ಹಾಕ್ಕೊಂಡಿದ್ದು ಯಾಕೆ ಅಂದ್ಕೊಂಡೆ?"

ಓಯ್ವನ ಮುಖ ಸಣ್ಣಗಾಯಿತು. ಸೈಮಿಗೆ ಒಳಗೊಳಗೇ ಖುಷಿ. "ಚೆನ್ನಾಗಿ ಹೇಳು ರೌನಿ, ನಾನು ಹೇಳಿದ್ರೆ ಗಾಳಿಗೆ ಹೇಳಿದ ಹಾಗೆ" ಎಂದು ಕಾಫಿ ಬಗ್ಗಿಸಿದಳು.

"ಮೊದಲು ಕಿಟಕಿ ತೆಗಿ. ಈ ಗಬ್ಬು ವಾಸನೆ ಎದೆಗೆ ಒಳ್ಳೇದಲ್ಲ" ಎಂದಳು ರೌನಿ. ಸೈಮಿ ಮೇಲಿನ ಪುಟ್ಟ ಕಿಂಡಿ ತೆರೆದಳು. ರೌನಿ ಬ್ರಷ್ಷಿನ ಕಡ್ಡಿ ಎತ್ತಿ ಓಯ್ವನ ಕೈಗಿಟ್ಟಳು. "ಗುಂಡು ಹೋಗೋ ದಾರೀಲೇ ಬ್ರಷ್ಷೂ ಹೋಗ್ಲಿ, ಹಿಂದಿನಿಂದ ಮುಂದಕ್ಕೆ. ಬಟ್ಟೆ ಬೆಳ್ಳಗೆ ಹೊರಗೆ ಬರೋವರೆಗೂ ಒರೆಸು. ಆಮೇಲೆ ಸ್ಲೈಡು ಜಾರೋ ಗೀರಿಗೆ ಒಂದೊಂದು ಹನಿ ಎಣ್ಣೆ. ಬೆರಳಲ್ಲಿ ಸವರಿ, ಮಿಕ್ಕಿದ್ದನ್ನ ಒರೆಸಿಬಿಡು. ಕಣ್ಣಿಗೆ ಮಿಂಚಬೇಕು, ಕೈಗೆ ಅಂಟಬಾರ್ದು. ಮ್ಯಾಗಜಿನ್ನಿಗೆ ಎಣ್ಣೆ ಬೇಡ, ಒಣಬಟ್ಟೆ ಸಾಕು."

ಗೊಣಗಿಕೊಂಡೇ ಓಯ್ವ ಹಾಗೇ ಮಾಡಿದ. ಬಿಡಿಭಾಗ ಕೂಡಿಸಿ ಸ್ಲೈಡು ಎಳೆದು ಬಿಟ್ಟರೆ, ಆಹಾ, ರೇಷ್ಮೆ ಜಾರಿದ ಹಾಗೆ! ಅವನ ಮುಖ ಅರಳಿತು. ಅಲ್ಲಿಗೇ ನಿಲ್ಲಿಸಿ ಬೀರುವಿನಲ್ಲಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವನು ಎದ್ದು ಅಟ್ಟಣಿಗೆಯಿಂದ ಒಂದು ಹಳೇ ಕಾಫಿ ಡಬ್ಬಿ ಇಳಿಸಿದ. ಅದರಿಂದ ಗುಂಡುಗಳನ್ನು ತೆಗೆದು ಮ್ಯಾಗಜಿನ್ನಿಗೆ ಒತ್ತತೊಡಗಿದ.

"ಅದೇನದು?" ರೌನಿಯ ಲೋಟ ಅರ್ಧಕ್ಕೇ ನಿಂತಿತು.

"ಹೆದರ್ಬೇಡ ಮಾರಾಯ್ತಿ, ಪೊಳ್ಳು ಗುಂಡು. ಮದ್ದಿಲ್ಲ, ಕೇಪಿಲ್ಲ. ಷೆಡ್ಡಿನಲ್ಲಿ ಕೂತು ನಾನೇ ಕೈಯಾರೆ ಮಾಡಿದ್ದು. ಗುಂಡು ಸರಿಯಾಗಿ ಮೇಲೇರತ್ತಾ ಅಂತ ನೋಡಿ, ಒಂದ್ಸಲ ಟಿಕ್ ಅನ್ನಿಸಿ ಇಡ್ತೀನಿ. ಯಾವಾಗ್ಲೂ ಹೀಗೇ ಮಾಡೋದು."

"ಯಾವ ಕಡೆಗೆ ಹಿಡಿದು?"

"ಇನ್ಯಾವ ಕಡೆ? ಹಿಂದಿನ ಗೋಡೆ ಕಡೆ. ಆಚೆಗೆ ಹಿಮ ಬಿಟ್ರೆ ನರಪಿಳ್ಳೆ ಇಲ್ಲ."

ಮ್ಯಾಗಜಿನ್ ಖಟ್ ಎಂದು ಕೂತಿತು. ಒಲೆಯ ಮುಂದಿದ್ದ ಸೈಮಿ ಆ ಸದ್ದಿಗೆ ತಿರುಗಿ ನೋಡಿದಳು. ಪಿಸ್ತೂಲಿನ ಮೂತಿ ಕಿಟಕಿಯ ಕೆಳಗಿನ ಗೋಡೆಗೆ ನೆಟ್ಟಿತ್ತು.

"ಓಯ್ವಾ! ಗುಬ್ಬಿ ಅಲ್ಲಿದೆ! ಗೋಡೆ ಆಚೆ ಗುಬ್ಬಿ ಇದೆ!"

ಅವನ ಕೈ ನಿಂತಿತು. ಆದರೂ ಬಾಯಿ ನಿಲ್ಲಲಿಲ್ಲ. "ಯಾಕೆ ಹೀಗೆ ಕಿರುಚ್ತೀಯಾ? ಪೊಳ್ಳು ಅಂದ್ನಲ್ಲ! ನಾನೇ ಮಾಡಿದ ಗುಂಡು ನನಗೆ ಗೊತ್ತಿಲ್ವಾ?"

"ಬೆರಳು ತೆಗಿ. ಮೇಜಿನ ಮೇಲಿಡು" ಎಂದಳು ರೌನಿ. ಮೈದಾನದಲ್ಲಿ ಅವಳು ಆ ದನಿಯಲ್ಲಿ ಮಾತಾಡಿದರೆ ಎಂಥ ಬಾಯಿಬಡುಕನೂ ತೆಪ್ಪಗಾಗುತ್ತಾನೆ. ಓಯ್ವನೂ ಇಟ್ಟ. ರೌನಿ ಮೂತಿಯನ್ನು ಒಲೆಯ ದಪ್ಪ ಕಲ್ಲಿನ ಕಡೆ ತಿರುಗಿಸಿ ಮ್ಯಾಗಜಿನ್ ಎಳೆದಳು, ಗೂಡು ಖಾಲಿಯಿದೆಯೆಂದು ನೋಡಿದಳು. ಆಮೇಲೆ ಒಂದೊಂದೇ ಗುಂಡನ್ನು ಹೆಬ್ಬೆರಳಿನಿಂದ ಹೊರದೂಡಿ, ತಳ ಕಾಣುವ ಹಾಗೆ ಪೇಪರಿನ ಮೇಲೆ ಮಲಗಿಸಿದಳು.

ಮೊದಲನೆಯದರ ತಳದಲ್ಲಿ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಇರಬೇಕಾದ ಜಾಗದಲ್ಲಿ ಬರೀ ತೂತು. ಪೊಳ್ಳೇ. ಎರಡನೆಯದೂ ಹಾಗೇ. "ಹೇಳ್ಲಿಲ್ವಾ ನಾನು?" ಎಂದ ಓಯ್ವ. ಮೂರನೆಯದೂ ಪೊಳ್ಳು.

ನಾಲ್ಕನೆಯದರ ತಳದಲ್ಲಿ ತೂತಿರಲಿಲ್ಲ. ಅಲ್ಲಿ ದುಂಡಗಿನ ಕೇಪು ತಣ್ಣಗೆ ಮಿನುಗುತ್ತಿತ್ತು.

ಓಯ್ವನ ತುಟಿ ಬಿಳಿಚಿಕೊಂಡಿತು. ಕುರ್ಚಿ ಹುಡುಕಿಕೊಂಡು ಕುಸಿದು ಕೂತ. "ಅದು... ಅದು ಹೇಗೆ ಬಂತು?"

ಸೈಮಿ ಅದನ್ನು ಕೇಳಲು ನಿಲ್ಲಲಿಲ್ಲ. ಬರೀ ಕಾಲುಚೀಲದಲ್ಲೇ ಹಿಮ ತುಳಿಯುತ್ತ ಮನೆಯ ಹಿಂದಕ್ಕೆ ಓಡಿದಳು. ಗುಂಡು ಹಾರಿಲ್ಲವೆಂದು ಅವಳಿಗೆ ಗೊತ್ತು, ಆದರೂ ಓಡಿದಳು. ಗಾಡಿಯ ಪರದೆ ಸರಿಸಿದರೆ ಗುಬ್ಬಿ ನಿದ್ದೆಯಲ್ಲೇ ಬಾಯಿ ಚಪ್ಪರಿಸುತ್ತಿತ್ತು. ಕೆನ್ನೆ ಸೇಬಿನ ಬಣ್ಣಕ್ಕೆ ತಿರುಗಿತ್ತು. ಸೈಮಿ ಗಾಡಿಯ ಹಿಡಿ ಹಿಡಿದುಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು. ದೇವರೇ, ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತಲ್ಲ! ಅವಳಿಗೆ ಬೇರೇನೂ ಬೇಕಿರಲಿಲ್ಲ.

ಕೂಸನ್ನು ಎತ್ತಿಕೊಂಡು ಒಳಗೆ ಬಂದಾಗ ರೌನಿ ಕೇಳುತ್ತಿದ್ದಳು, "ನಿನ್ನೆ ಸಿಕ್ಹಾಕ್ಕೊಂಡ ಗುಂಡನ್ನ ತೆಗೆದು ಏನ್ ಮಾಡ್ದೆ?"

"ಜೇಬಿಗೆ ಹಾಕ್ಕೊಂಡೆ."

"ಪೊಳ್ಳು ಗುಂಡೂ ಅದೇ ಜೇಬಲ್ಲಿತ್ತಾ?"

ಓಯ್ವ ತಲೆ ತಗ್ಗಿಸಿದ. ಟ್ರಿಗರ್ ಒತ್ತುವಾಗ ಕೈ ಬೆಚ್ಚದಿರಲೆಂದು ನಿಜವಾದ ಗುಂಡುಗಳ ನಡುವೆ ಪೊಳ್ಳು ಗುಂಡು ಬೆರೆಸಿ ಅಭ್ಯಾಸ ಮಾಡುವುದು ಆ ಕ್ಲಬ್ಬಿನಲ್ಲಿ ಎಲ್ಲರ ರೂಢಿ. ನೆಲಕ್ಕೆ ಬಿದ್ದ ಪೊಳ್ಳುಗಳನ್ನು ಆಯ್ದು ಜೇಬಿಗಿಳಿಸಿದ್ದ, ಅದರ ಜೊತೆಗೆ ಇದನ್ನೂ. ಮನೆಗೆ ಬಂದು ಸಿಟ್ಟಿನಲ್ಲಿ ಜೇಬನ್ನೇ ಡಬ್ಬಿಗೆ ಕೊಡವಿದ್ದ. ಪಕ್ಕದಿಂದ ನೋಡಿದರೆ ಎರಡೂ ಒಂದೇ ಹಿತ್ತಾಳೆ, ಒಂದೇ ಬಣ್ಣ.

"ಪಿಸ್ತೂಲನ್ನ ಎರಡೆರಡು ಸಲ ನೋಡ್ದೆ. ಗುಂಡನ್ನ ಒಂದ್ಸಲಾನೂ ನೋಡ್ಲಿಲ್ಲ" ಎಂದ ಓಯ್ವ.

"ನೋಡಿದ್ರೂ ಸಾಲ್ದು. ಒರೆಸೋ ಕೋಣೆಗೆ ಗುಂಡೇ ಬರಬಾರ್ದು" ಎಂದಳು ರೌನಿ. ಈಗ ಅವಳ ಮಾತಲ್ಲಿ ಖಾರವಿರಲಿಲ್ಲ. "ನಿಜದ್ದಾಗ್ಲಿ ಪೊಳ್ಳಾಗ್ಲಿ, ಎಲ್ಲಾ ಬೇರೆ ಕಡೆ, ಬೀಗದೊಳಗೆ. ಗುಂಡು ಏರತ್ತಾ ಇಲ್ವಾ ಅಂತ ನೋಡೋದು ಮೈದಾನದಲ್ಲಿ. ನಮ್ಮ ಮರದ ಗೋಡೆ ಗುಂಡಿಗೆ ಕಾಗದ ಇದ್ದ ಹಾಗೆ, ಗೊತ್ತಲ್ಲ?"

"ಗೊತ್ತಾಯ್ತು ತಾಯಿ" ಎಂದ ಓಯ್ವ. ರೌನಿಗೆ ಅವನು ಹಾಗೆಂದದ್ದು ಅದೇ ಮೊದಲು. ಪಿಸ್ತೂಲು ಬೀರುವಿಗೆ ಹೋಯಿತು, ನಿಜವಾದ ಗುಂಡು ಷೆಡ್ಡಿನ ಬೀಗದ ಪೆಟ್ಟಿಗೆಗೆ. ಪೊಳ್ಳು ಗುಂಡುಗಳ ಹೊಟ್ಟೆಗೆ ಅಡ್ಡಲಾಗಿ ತೂತು ಕೊರೆದು ಕೆಂಪು ಬಣ್ಣ ಬಳಿದು, ಕ್ಲಬ್ಬಿನಲ್ಲೇ ಇಡುವುದೆಂದು ಮಾತಾಯಿತು.

"ಮರಿತ್ತಾಗೆ ಏನ್ ಹೇಳೋಣ?" ಸೈಮಿ ಮೆಲ್ಲಗೆ ಕೇಳಿದಳು. ಹೇಳಿದರೆ ಮಗಳು ಬಸ್ಸು ಹತ್ತುವುದು ಖಂಡಿತ. ಹೇಳದಿದ್ದರೆ ಯಾರಿಗೂ ತಿಳಿಯದು.

"ನಾನೇ ಹೇಳ್ತೀನಿ" ಎಂದ ಓಯ್ವ.

ಮರಿತ್ತಾ ಕಣ್ಣುಜ್ಜುತ್ತ ಮೆಟ್ಟಿಲಿಳಿದು ಬಂದಾಗ ಅವನು ಎದ್ದು ನಿಂತು ಎಲ್ಲವನ್ನೂ ಹೇಳಿದ. ಜೇಬು, ಡಬ್ಬಿ, ಗೋಡೆ, ಏನನ್ನೂ ಬಿಡಲಿಲ್ಲ. ಮರಿತ್ತಾ ಅಮ್ಮನ ತೋಳಿನಿಂದ ಕೂಸನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಬಹಳ ಹೊತ್ತು ಅಪ್ಪನ ಮುಖ ನೋಡಲಿಲ್ಲ.

"ಅಪ್ಪ, ನೀನು ಹೇಳದೇ ಇದ್ದು, ನನಗೆ ಆಮೇಲೆ ಗೊತ್ತಾಗಿದ್ರೆ ಈ ಮನೆ ಮೆಟ್ಟಿಲು ಹತ್ತುತ್ತಿರಲಿಲ್ಲ" ಎಂದಳು ಕೊನೆಗೆ. "ಇನ್ಮೇಲೆ ಈ ಕೆಲಸ ಈ ಮೇಜಿನ ಮೇಲೆ ಬೇಡ."

"ಷೆಡ್ಡಿನಲ್ಲೂ ಬೇಡಮ್ಮ, ಗುಂಡಿನ ಪೆಟ್ಟಿಗೆ ಅಲ್ಲೇ ಇದೆ. ಸೌನಾ ಪಕ್ಕದ ಕೋಣೇಲಿ, ಬಾಗಿಲು ಹಾಕ್ಕೊಂಡು."

ಓಯ್ವ ಕೂಸಿನ ಕಡೆ ಕೈ ಚಾಚಿ, ನಾಚಿಕೆಯಿಂದ ಹಿಂದಕ್ಕೆಳೆದುಕೊಂಡ. ಮರಿತ್ತಾ ಆ ಕೈಗಳನ್ನು ನೋಡಿದಳು. ಉಗುರ ಸಂದಿಯಲ್ಲಿ ಇನ್ನೂ ಮಸಿಯಿತ್ತು.

"ಆ ಮಸೀಲಿ ಸೀಸ ಇರತ್ತೆ. ಸೋಪು ಹಾಕಿ, ಮೊಣಕೈ ತನಕ ತೊಳ್ಕೊಂಡು ಬಾ. ಆಮೇಲೆ ಎತ್ಕೋ" ಎಂದಳು.

ಓಯ್ವ ನಲ್ಲಿಯ ಕೆಳಗೆ ಕೈ ಉಜ್ಜುತ್ತ ನಿಂತ. ಮಗಳಿಗೆ ಬೆನ್ನು ಮಾಡಿ ನಿಂತಿದ್ದರೂ ಅವನ ಭುಜ ಕುಲುಕುತ್ತಿದ್ದುದು ಎಲ್ಲರಿಗೂ ಕಾಣಿಸಿತು. ಆ ದಿನದ ಬಸ್ಸು ಮರಿತ್ತಾಳಿಲ್ಲದೆ ಹೋಯಿತು.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಪರವಾನಗಿಯ ಪಿಸ್ತೂಲೋ ಕೋವಿಯೋ ಇರಬಹುದು. ಒರೆಸಿ, ಎಣ್ಣೆ ಹಚ್ಚಿ, ಚೆನ್ನಾಗಿ ಇಟ್ಟುಕೊಳ್ಳಿ. ಆದರೆ ಕೈ ಹಚ್ಚುವ ಮೊದಲು ಮನೆಯಲ್ಲಿರುವ ಗುಂಡನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಮ್ಯಾಗಜಿನ್ ತೆಗೆದು, ಗೂಡನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ. ಖಾಲಿಯೆಂದು ಗೊತ್ತಿದ್ದರೂ ಮೂತಿಯನ್ನು ಮನುಷ್ಯರಿರುವ ಕಡೆ ತಿರುಗಿಸಬೇಡಿ, ಗೋಡೆಯಾಚೆ ಯಾರಿದ್ದಾರೆಂದು ಕೇಳಿ ತಿಳಿಯಿರಿ. "ನನಗೆ ಗೊತ್ತಿಲ್ವಾ?" ಎಂದು ಬಾಯಿಗೆ ಬಂದರೆ ಅಲ್ಲೇ ನಿಲ್ಲಿಸಿ, ಇನ್ನೊಂದು ಸಲ ನೋಡಿ. ಪೊಳ್ಳೆಂದುಕೊಂಡ ಗುಂಡಿಗೆ ಗೋಡೆಯಾಚೆ ಮಲಗಿರುವುದು ನಿಮ್ಮ ಮೊಮ್ಮಗು ಎಂದು ತಿಳಿಯುವುದಿಲ್ಲ.