ಒಂದೇ ಖಾತೆಯಲ್ಲಿ ಅಕ್ಕ ತಂಗಿ

ಬಡ್ತಿಗೆ ಅರ್ಜಿ ಹಾಕಿದವಳನ್ನು ಸಂದರ್ಶನಕ್ಕೂ ಮುಂಚೆಯೇ ಡೀನರು ತಮ್ಮ ಕೋಣೆಗೆ ಕರೆಸಿಕೊಂಡರೆ ಅದು ಒಳ್ಳೆಯ ಸುದ್ದಿಯಾಗಿರಲಿಕ್ಕಿಲ್ಲ ಎಂದು ಅವಳಿಗೆ ಕಾರಿಡಾರಿನಲ್ಲೇ ಅನ್ನಿಸಿತ್ತು. ಅವಳು ಇರುವೆಗಳ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ. ಗೆದ್ದಲಿನ ಹುತ್ತಗಳಿಗೆ ಸಾಲುಗಟ್ಟಿ ದಾಳಿಯಿಡುವ ಒಂದು ಜಾತಿಯ ಕಪ್ಪಿರುವೆಯ ಹಿಂದೆ ಬಗ್ಗಿ ನಡೆದೂ ನಡೆದೂ ಸೊಂಟ ಹಿಡಿದುಕೊಂಡಿದೆ ಎಂದು ತಾನೇ ತಮಾಷೆ ಮಾಡುತ್ತಿದ್ದಳು. ವಿದ್ಯಾರ್ಥಿಗಳು ಅವಳನ್ನು ಇರುವೆ ಮೇಡಂ ಎನ್ನುತ್ತಿದ್ದರು, ಎದುರಿಗೂ ಬೆನ್ನ ಹಿಂದೆಯೂ.

ಡೀನರು ಕೆಟ್ಟವರಲ್ಲ. ಆದರೆ ಸಂಸ್ಥೆ ಆ ವರ್ಷ ಹೊಸದೊಂದು ಸಾಫ್ಟ್‌ವೇರ್ ಕೊಂಡಿತ್ತು. ಯಾರು ಎಷ್ಟು ಪ್ರಬಂಧ ಬರೆದಿದ್ದಾರೆ, ಯಾರ ಜೊತೆ ಸೇರಿ ಬರೆದಿದ್ದಾರೆ, ಅವುಗಳನ್ನು ಬೇರೆಯವರು ತಮ್ಮ ಬರಹಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ, ಎಲ್ಲವನ್ನೂ ಅಳೆದು ಸುರಿದು ಬಣ್ಣಬಣ್ಣದ ಚಿತ್ರ ಬಿಡಿಸಿ ಕೊಡುತ್ತಿತ್ತು. ಡೀನರು ಹೊಸ ಕನ್ನಡಕ ಹಾಕಿಕೊಂಡವರಂತೆ ಎಲ್ಲರನ್ನೂ ಅದರ ಮೂಲಕವೇ ನೋಡುತ್ತಿದ್ದರು.

"ಕೂತ್ಕೊಳ್ಳಿ ಮೇಡಂ," ಎಂದು ಅವರು ಪರದೆಯನ್ನು ಅವಳತ್ತ ತಿರುಗಿಸಿದರು. "ನಿಮ್ಮ ಪ್ರಬಂಧಗಳ ಸಂಖ್ಯೆ ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ. ತೊಂದರೆ ಇರೋದು ಇಲ್ಲಿ." ಅವರ ಬೆರಳು ಒಂದು ಕೆಂಪು ವೃತ್ತದ ಮೇಲೆ ನಿಂತಿತು. "ನಿಮ್ಮನ್ನ ಉಲ್ಲೇಖಿಸಿದವರಲ್ಲಿ ಅರ್ಧಕ್ಕರ್ಧ ನೀವೇ ಇದ್ದೀರಿ."

"ನಾನಾ?"

"ನಿಮ್ಮ ಪ್ರಬಂಧಗಳನ್ನ ನೀವೇ ನಿಮ್ಮ ಬೇರೆ ಪ್ರಬಂಧಗಳಲ್ಲಿ ಹೆಸರಿಸಿಕೊಂಡು ಲೆಕ್ಕ ಏರಿಸಿಕೊಂಡಿದ್ದೀರಿ ಅಂತ ಸಮಿತಿಯವರು ತಿಳ್ಕೋತಾರೆ. ಸ್ವಲ್ಪ ಸ್ವಲ್ಪ ಎಲ್ಲರೂ ಮಾಡ್ತಾರೆ. ಆದ್ರೆ ಇಷ್ಟಾ? ಹೊರಗಿನಿಂದ ಬರೋ ಸದಸ್ಯರೊಬ್ಬರು ಇದನ್ನ ಮೋಸ ಅಂತಾನೇ ಬರೆದು ಕಳಿಸಿದ್ದಾರೆ. ಮುಂದಿನ ವಾರ ಸಭೆ. ಅಷ್ಟರಲ್ಲಿ ಉತ್ತರ ಸಿದ್ಧ ಮಾಡ್ಕೊಳ್ಳಿ."

ತನ್ನನ್ನು ಯಾರು ಎಲ್ಲಿ ಹೊಗಳಿದ್ದಾರೆ ಎಂದು ಹುಡುಕಿಕೊಂಡು ಹೋಗುವ ಚಟವೇ ಅವಳಿಗಿರಲಿಲ್ಲ. ಡೀನರ ಕಡೆಗೆ ಒಮ್ಮೆ ತಲೆಯಾಡಿಸಿ, ಎದ್ದು ಬಂದಳು.

ಪ್ರಯೋಗಾಲಯದ ಮೂಲೆಯಲ್ಲಿ, ಗಾಜಿನ ಪೆಟ್ಟಿಗೆಗಳ ಪಕ್ಕದ ಮೇಜಿನಲ್ಲಿ ಕೂತು ಆ ಸಾಫ್ಟ್‌ವೇರ್ ತೆರೆದಳು. ತನ್ನ ಹೆಸರಿನ ಸುತ್ತ ಜೇಡರ ಬಲೆಯಂತೆ ಗೆರೆಗಳು. ಅವಳ ಜೊತೆ ಕೆಲಸ ಮಾಡಿದವರ ನಕ್ಷೆ ಅದು. ಒಂದೊಂದೇ ಹೆಸರು ನೋಡುತ್ತಾ ಹೋದಳು. ತನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಸರಿ. ಇರುವೆಗಳ ಜಾತಿ ಗುರುತಿಸಿಕೊಡುತ್ತಿದ್ದ ಮ್ಯೂಸಿಯಮ್ಮಿನ ಮುದುಕರು ಸರಿ. ಆದರೆ ಈ ಗಾಳಿ ತಜ್ಞ ಯಾರು? ಇನ್ನು, ಕಟ್ಟಡಗಳಿಗೆ ತಂಪಾದ ಗಾಳಿ ಬರುವ ಹಾಗೆ ನಕ್ಷೆ ಹಾಕುವ ಈ ಎಂಜಿನಿಯರ್ ಜೊತೆ ತಾನು ಯಾವ ಜನ್ಮದಲ್ಲಿ ಕೆಲಸ ಮಾಡಿದ್ದಳು? ಪಟ್ಟಿಯಲ್ಲಿದ್ದ ಒಂದು ಪ್ರಬಂಧವನ್ನು ಒತ್ತಿದಳು. ಹುತ್ತದೊಳಗೆ ಗಾಳಿ ಹೇಗೆ ಆಡುತ್ತದೆ ಎಂಬುದರ ಬಗ್ಗೆ. ಲೇಖಕಿಯ ಹೆಸರು ಪೂರ್ತಿಯಾಗಿ ತೆರೆದುಕೊಂಡಾಗ ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

ಅಕ್ಕ.

ಅಕ್ಕ ಗೆದ್ದಲಿನ ವಿಜ್ಞಾನಿ, ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ. ಅಪ್ಪ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಅಕ್ಷರದಿಂದ ಶುರುವಾಗುವ ಹೆಸರಿಟ್ಟಿದ್ದರು. ಮನೆತನದ ಹೆಸರಂತೂ ಒಂದೇ. ಇಬ್ಬರೂ ಓದಿದ್ದು ಒಂದೇ ವಿಭಾಗದಲ್ಲಿ. ಪತ್ರಿಕೆಗಳು ಉಲ್ಲೇಖಗಳ ಪಟ್ಟಿಯಲ್ಲಿ ಹೆಸರಿನ ಮೊದಲಕ್ಷರವನ್ನಷ್ಟೇ ಅಚ್ಚು ಮಾಡುತ್ತಿದ್ದದ್ದರಿಂದ ಯಂತ್ರವು ಇಬ್ಬರನ್ನೂ ಹಿಡಿದು ಒಬ್ಬಳನ್ನಾಗಿ ಮಾಡಿಬಿಟ್ಟಿತ್ತು. ಪ್ರಬಂಧಗಳ ಸಂಖ್ಯೆ "ತುಂಬಾನೇ ಚೆನ್ನಾಗಿ" ಕಂಡದ್ದು ಅದಕ್ಕೇ.

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಅಕ್ಕನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು.

ಆಗ ಇಬ್ಬರೂ ಸೇರಿ ಒಂದು ಪ್ರಬಂಧ ಬರೆದಿದ್ದರು. ಎರಡು ಬೇಸಿಗೆ ತಂಗಿ ಬಿಸಿಲಿನಲ್ಲಿ ಹೊಟ್ಟೆ ಅಡಿ ಮಾಡಿ ಮಲಗಿ ಇರುವೆಗಳ ದಾಳಿಯನ್ನು ನೋಡಿ ಬರೆದುಕೊಂಡಿದ್ದಳು. ಹುತ್ತದ ಅಳತೆಯೂ ಲೆಕ್ಕಾಚಾರವೂ ಅಕ್ಕನದು. ಹೆಚ್ಚಿನ ಕೆಲಸ ಯಾರದೋ ಅವರ ಹೆಸರು ಮೊದಲು ಬರುವುದು ರೂಢಿ. ಕರಡಿನಲ್ಲಿ ತಂಗಿಯ ಹೆಸರು ಮೊದಲಿತ್ತು. ಅಚ್ಚಾಗಿ ಬಂದಾಗ ಅಕ್ಕನದು ಮೊದಲಾಗಿತ್ತು. ಫೋನಿನಲ್ಲಿ ಮಾತಿಗೆ ಮಾತು ಬೆಳೆದು, ತಂಗಿಯ ಬಾಯಿಂದ "ಕಳ್ಳಿ" ಎಂಬ ಮಾತು ಬಂದು, ಅಕ್ಕ ಫೋನ್ ಇಟ್ಟಿದ್ದಳು. ಅಲ್ಲಿಂದ ಮುಂದೆ ಇಬ್ಬರ ನಡುವಿನ ಸುದ್ದಿಯೆಲ್ಲ ಅಮ್ಮನ ಮೂಲಕ. ಅಮ್ಮ ತಂಗಿಯ ಮನೆಯಲ್ಲೇ ಇದ್ದಳು. ಅಕ್ಕನ ಫೋನ್ ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಮುಚ್ಚಿಕೊಂಡು, ಪಿಸುಮಾತು ಎಂದುಕೊಂಡು ಇಡೀ ಬೀದಿಗೆ ಕೇಳುವ ಹಾಗೆ ಮಾತಾಡುತ್ತಿದ್ದಳು. ತಂಗಿಯೋ, ಅಕ್ಕನ ಪ್ರಬಂಧ ಕಣ್ಣಿಗೆ ಬಿದ್ದರೆ ಓದದೆ ಮುಂದೆ ಹೋಗುತ್ತಿದ್ದಳು. ಅಷ್ಟು ಹಟ.

ಈಗ ವಿಧಿಯಿಲ್ಲದೆ ಓದಿದಳು. ಒಂದು ತೆರೆದಳು, ಕೊನೆಯಲ್ಲಿ ಉಲ್ಲೇಖಗಳ ಸಾಲಿನಲ್ಲಿ ತನ್ನ ಹೆಸರು. ಇನ್ನೊಂದು ತೆರೆದಳು, ಅಲ್ಲೂ ಇತ್ತು. ಮಾತು ಬಿಟ್ಟ ವರ್ಷದ್ದು, ಅದರ ಮರುವರ್ಷದ್ದು, ಹೋದ ತಿಂಗಳಿನದು. ಅಕ್ಕ ಬರೆದ ಒಂದೊಂದು ಪ್ರಬಂಧದಲ್ಲೂ ತಂಗಿಯ ಕೆಲಸದ ಪ್ರಸ್ತಾಪವಿತ್ತು. ಬರೀ ಹೆಸರಲ್ಲ, ಒಂದು ಕಡೆ "ಈ ದಾಳಿಗಳನ್ನು ಅತ್ಯಂತ ತಾಳ್ಮೆಯಿಂದ ಗಮನಿಸಿದ ಅಧ್ಯಯನ" ಎಂದಿತ್ತು. ವಿಜ್ಞಾನದ ಪತ್ರಿಕೆಯಲ್ಲಿ ಯಾರೂ ಯಾರ ತಾಳ್ಮೆಯ ಬಗ್ಗೆಯೂ ಬರೆಯುವುದಿಲ್ಲ. ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಗ್ರಂಥಾಲಯದಲ್ಲಿ ಈ ಖಾತೆಗಳನ್ನು ನೋಡಿಕೊಳ್ಳುತ್ತಿದ್ದವಳು ವಿಷಯ ಕೇಳಿ, "ಅಯ್ಯೋ, ಇದು ಆಗ್ತಾನೇ ಇರುತ್ತೆ ಮೇಡಂ," ಎಂದಳು. "ಬೇರೆ ಮಾಡಿಸಬಹುದು. ಆದ್ರೆ ಇಬ್ಬರೂ ಒಟ್ಟಿಗೆ ಕೇಳ್ಕೋಬೇಕು. ನೀವೊಬ್ಬರೇ ಬರೆದ್ರೆ ಕಂಪನಿಯವರು ತಿಂಗಳುಗಟ್ಟಲೆ ಎಳೀತಾರೆ. ಅವರಿಗೂ ಒಂದು ಫೋನ್ ಮಾಡಿ, ಅಷ್ಟೇ."

ಅಷ್ಟೇ ಅಂತೆ! ಅವಳು ಸಂಜೆ ಮನೆಗೆ ಬಂದು ಬಟ್ಟೆ ಮಡಚಿದಳು, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ಫೋನ್ ಕೈಗೆ ತೆಗೆದುಕೊಳ್ಳುವುದು, ಇಡುವುದು. ಸೋಫಾದಲ್ಲಿ ಕೂತಿದ್ದ ಅಮ್ಮ ಎಲ್ಲವನ್ನೂ ನೋಡುತ್ತಿದ್ದಳು.

"ಏನೇ ಅದು, ಫೋನ್ ಬಿಸಿಯಾಗಿದ್ಯಾ? ಹಿಡ್ಕೊಳ್ಳೋಕೇ ಆಗ್ತಿಲ್ಲ ನಿಂಗೆ."

"ಅಕ್ಕಂಗೆ ಮಾಡ್ಬೇಕಮ್ಮಾ. ಆಫೀಸ್ ವಿಷಯ."

ಅಮ್ಮ ಟಿವಿ ಆರಿಸಿದಳು. ಯಾಕೆ ಏನು ಎಂದು ಕೇಳಲಿಲ್ಲ. "ನಾನು ಒಳಗೆ ಹೋಗ್ತೀನಿ," ಎಂದು ಎದ್ದವಳು, ಬಾಗಿಲ ಹತ್ತಿರ ನಿಂತು, "ಅವಳೇನಾದ್ರೂ ಅಂದ್ರೆ ತಿರುಗಿ ಅನ್ನಬೇಡ್ವೇ. ನಂಗೂ ವಯಸ್ಸಾಯ್ತು, ಇಬ್ಬರ ಮಧ್ಯೆ ಓಡಾಡಿ ಕಾಲು ನೋಯ್ತಿದೆ," ಎಂದಳು.

ಒಂದೇ ರಿಂಗಿಗೆ ಅಕ್ಕ ಎತ್ತಿದಳು. "ಅಮ್ಮಂಗೆ ಏನಾಯ್ತು?"

"ಅಮ್ಮಂಗೇನಾಗಿಲ್ಲ. ಚೆನ್ನಾಗಿದ್ದಾಳೆ. ನಂಗೇ ಸ್ವಲ್ಪ..." ಕಲಿತುಕೊಂಡು ಬಂದ ಪಾಠ ಒಪ್ಪಿಸುವವಳ ಹಾಗೆ ಎಲ್ಲವನ್ನೂ ಗಡಗಡ ಹೇಳಿ ಮುಗಿಸಿದಳು: ಡೀನರು, ಕೆಂಪು ವೃತ್ತ, ಮೋಸ, ಒಂದಾಗಿರುವ ಖಾತೆ.

ಅಕ್ಕ, "ನಂಗೆ ಗೊತ್ತಿತ್ತು ಕಣೆ," ಎಂದಳು.

"ಏನು ಗೊತ್ತಿತ್ತು?"

"ನನ್ನ ಪೇಪರ್‌ಗಳೆಲ್ಲ ನಿನ್ನ ಖಾತೇಲಿ ಹೋಗಿ ಕೂತಿರೋದು. ಹೋದ ವರ್ಷಾನೇ ನೋಡ್ದೆ. ಇಲ್ಲಿ ನನ್ನ ಖಾತೆ ತೆಗೆದ್ರೆ ಖಾಲಿ ಕೊಡ. ಸರಿ ಮಾಡಿಸ್ಬೇಕು ಅಂದ್ರೆ ನಿಂಗೆ ಫೋನ್ ಮಾಡ್ಬೇಕಿತ್ತು. ಧೈರ್ಯ ಬರ್ಲಿಲ್ಲ." ಅಕ್ಕ ಉಸಿರೆಳೆದುಕೊಂಡದ್ದು ಕೇಳಿಸಿತು. "ಇರ್ಲಿ ಬಿಡು ಅಂತಾನೂ ಅನ್ನಿಸ್ತು. ನಿಂದು ಒಂದು ಪೇಪರ್ ನಾನು ಹೊಡ್ಕೊಂಡಿದ್ದೆ. ನಂದು ನಲವತ್ತು ನಿನ್ನ ಹತ್ರ ಇದ್ರೆ ಇರ್ಲಿ."

ತಂಗಿ ಮಡಚಿಟ್ಟ ಬಟ್ಟೆಗಳನ್ನು ಸರಿಸಿ ಸೋಫಾದಲ್ಲಿ ಕೂತಳು.

"ಅವತ್ತು ನೀನು ಅಂದಿದ್ದು ನಿಜಾನೇ," ಎಂದು ಅಕ್ಕ ಮುಂದುವರಿಸಿದಳು. "ಕೊನೇ ಗಳಿಗೇಲಿ ಹೆಸರು ಹಿಂದೆ ಮುಂದೆ ಮಾಡ್ದೆ. ಆಗ ನನ್ನ ಕೆಲಸ ಖಾಯಂ ಆಗೋದಿತ್ತು, ನನ್ನ ಹೆಸರು ಮೊದಲಿರೋ ಪೇಪರ್ ಒಂದು ಕಮ್ಮಿ ಬಿದ್ದಿತ್ತು. ಕೇಳಿದ್ರೆ ನೀನು ಹೂಂ ಅಂತಿದ್ದೆ, ನಂಗೆ ಗೊತ್ತು. ತಂಗಿ ಹತ್ರ ಕೈ ಚಾಚೋಕೆ ನಾಚಿಕೆ ಆಯ್ತು. ಅದಕ್ಕೆ ಕೇಳದೇ ತಗೊಂಡೆ."

"ಹೂಂ ಅಂತಿದ್ದೆ," ಎಂದಳು ತಂಗಿ. "ಎರಡು ದಿನ ಮುಖ ಊದಿಸ್ಕೊಂಡಿದ್ದು ಆಮೇಲೆ ಅಂತಿದ್ದೆ. ಕಳ್ಳಿ ಅಂದಿದ್ದು ಜಾಸ್ತಿ ಆಯ್ತು ಅಕ್ಕಾ."

"ಜಾಸ್ತಿ ಏನಿಲ್ಲ. ಅಳತೆ ಸರಿಯಾಗೇ ಇತ್ತು."

ಇಬ್ಬರಿಗೂ ನಗು ಬಂತು. ತಡೆದು ತಡೆದು, ಆಮೇಲೆ ತಡೆಯಲಾಗದೆ ನಕ್ಕರು. "ಅಷ್ಟಕ್ಕೂ ಏನು ಬಂತೇ," ಎಂದಳು ಅಕ್ಕ ಕಣ್ಣೊರೆಸಿಕೊಳ್ಳುತ್ತಿರುವ ದನಿಯಲ್ಲಿ. "ಬೇರೆಯವರ ಪಟ್ಟಿಗಳಲ್ಲಿ ನಮ್ಮಿಬ್ಬರ ಹೆಸರೂ ಒಂದೇ ಥರ ಕಾಣುತ್ತೆ. ಯಾರು ಮೊದಲು ಯಾರು ಆಮೇಲೆ ಅಂತ ನಮ್ಮಿಬ್ಬರನ್ನ ಬಿಟ್ಟು ಯಾರಿಗೂ ಗೊತ್ತಾಗಲ್ಲ!"

ತಂಗಿಗೆ ಒಂದು ಮಾತು ಕೇಳದೆ ಇರಲಾಗಲಿಲ್ಲ. "ಪ್ರತಿ ಪೇಪರ್‌ನಲ್ಲೂ ನನ್ನ ಹೆಸರು ಹಾಕಿದ್ದೀಯಲ್ಲ, ಅದು ನನ್ನ ಸಮಾಧಾನ ಮಾಡೋಕಾ?"

"ಛೆ! ವಿಜ್ಞಾನ ಕಣೆ ಅದು. ನನ್ನ ಹುತ್ತಕ್ಕೆ ನಿನ್ನ ಇರುವೆ ನುಗ್ತಾವೆ, ಹಾಕದೆ ಹೇಗಿರ್ಲಿ?" ಅಕ್ಕ ತಡೆದಳು. "ಒಂದು ಕಡೆ ಮಾತ್ರ ಅಗತ್ಯ ಇರ್ಲಿಲ್ಲ. ಒಂದೇ ಒಂದು ಕಡೆ. ಆ ತಾಳ್ಮೆ ಅನ್ನೋ ಸಾಲು. ಸಂಪಾದಕರು ತೆಗೀರಿ ಅಂದ್ರು, ನಾನು ತೆಗೀಲಿಲ್ಲ."

ಮರುದಿನ ಬೆಳಗ್ಗೆಯೇ ಇಬ್ಬರೂ ತಂತಮ್ಮ ಸಂಸ್ಥೆಯಿಂದ ಕಂಪನಿಗೆ ಬರೆದರು. ಸಭೆಗೆ ಮುಂಚಿನ ದಿನ ಖಾತೆಗಳು ಬೇರೆಯಾದವು. ತಂಗಿಯ ಹೆಸರಿನ ಕೆಳಗಿದ್ದ ಪ್ರಬಂಧಗಳು ಅರ್ಧಕ್ಕಿಳಿದವು. ಗಾಳಿ ತಜ್ಞನೂ ಎಂಜಿನಿಯರೂ ಹೊರಟುಹೋದರು. ಜೇಡರ ಬಲೆ ತೆಳ್ಳಗಾಯಿತು. ಕೆಂಪು ವೃತ್ತ ಕುಗ್ಗಿ ಒಂದು ಚುಕ್ಕೆಯಷ್ಟಾಯಿತು. ಪ್ರಭಾವ ಅಳೆಯುವ ಅಂಕವೂ ಒಂದಿಷ್ಟು ಕೆಳಗಿಳಿದದ್ದನ್ನು ನೋಡಿ ಅವಳಿಗೆ ಅಳುಕಾಯಿತು. ಇಷ್ಟು ಸಾಕಾಗುತ್ತದೆಯೇ?

ಸಮಿತಿಯ ಉದ್ದನೆಯ ಮೇಜಿನ ಮುಂದೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಮೋಸ ಎಂದು ಬರೆದಿದ್ದ ಹೊರಗಿನ ಸದಸ್ಯರೇ ಮೊದಲು ಕೇಳಿದರು. "ಹಾಗಾದ್ರೆ ನಿಮ್ಮನ್ನ ಇಷ್ಟು ಸಲ ಉಲ್ಲೇಖಿಸಿದವರು ನಿಮ್ಮ ಸ್ವಂತ ಅಕ್ಕ?"

"ಹೌದು ಸರ್. ಬೇಕಾದ್ರೆ ಅಕ್ಕನ ಉಲ್ಲೇಖಗಳನ್ನ ಪೂರ್ತಿ ಬಿಟ್ಟು ಲೆಕ್ಕ ಹಾಕಿ. ಆ ಆರು ವರ್ಷ ನಾವಿಬ್ಬರೂ ಮಾತಾಡ್ತಿರಲಿಲ್ಲ ಅನ್ನೋದೂ ನಿಜ."

ಆ ಸದಸ್ಯರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಮಾತು ಬಿಟ್ಟವರು ಇಷ್ಟು ಉಲ್ಲೇಖಿಸಿದ್ದಾರಾ? ನನ್ನ ಜೊತೆ ದಿನಾ ಊಟಕ್ಕೆ ಕೂರೋರು ನನ್ನನ್ನ ಒಂದು ಸಲಾನೂ ಉಲ್ಲೇಖಿಸಿಲ್ಲ," ಎಂದರು. ಮೇಜಿನ ಸುತ್ತ ನಗೆಯೆದ್ದಿತು. ಆಮೇಲೆ ಅವರು ಆ ಎರಡು ಬೇಸಿಗೆಯ ದಾಳಿಗಳ ಬಗ್ಗೆ ಕೇಳಿದರು. ಅವಳು ಹೇಳತೊಡಗಿದಾಗ ಯಾರೂ ಪರದೆಯತ್ತ ನೋಡಲಿಲ್ಲ. ಗಾಯಗೊಂಡ ಇರುವೆಯನ್ನು ಉಳಿದವು ಹೊತ್ತು ಗೂಡಿಗೆ ತರುವುದನ್ನು ಅವಳು ವಿವರಿಸುವಾಗ ಡೀನರು ಚಹಾ ತಣ್ಣಗಾದದ್ದನ್ನೂ ಮರೆತಿದ್ದರು.

ಮಧ್ಯಾಹ್ನದ ಹೊತ್ತಿಗೆ ಡೀನರೇ ಪ್ರಯೋಗಾಲಯಕ್ಕೆ ಬಂದು ಬಾಗಿಲಲ್ಲಿ ನಿಂತರು. "ನಿಮ್ಮ ಬಡ್ತಿ ಆಯ್ತು ಮೇಡಂ. ಎಲ್ಲರೂ ಒಪ್ಪಿದ್ರು. ಆ ಮೋಸ ಅನ್ನೋ ಮಾತನ್ನ ಅವರೇ ಹೊಡೆದು ಹಾಕಿ ಸಹಿ ಮಾಡಿದ್ದಾರೆ." ಹೊರಡುವ ಮುನ್ನ, "ನಾನೂ ಸ್ವಲ್ಪ ಅವಸರ ಮಾಡ್ದೆ. ಬೇಜಾರು ಮಾಡ್ಕೋಬೇಡಿ," ಎಂದರು.

ಅವಳು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಪಾಠ ಮಾಡುತ್ತಿದ್ದಳೇನೋ, ಎತ್ತಲಿಲ್ಲ. ಅದರಿಂದ ಅವಳಿಗೆ ಏನೂ ಅನ್ನಿಸಲಿಲ್ಲ, ಬಿಡುವಾದಾಗ ಮಾಡುತ್ತಾಳೆ. ಮಾಡದಿದ್ದರೆ ಸಂಜೆ ತಾನೇ ಮಾಡಿದರಾಯಿತು. ಇರುವೆಗಳ ಪೆಟ್ಟಿಗೆಗಳಿಗೆ ನೀರು ಹಾಕಿ, ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿದಳು. ಕಿಟಕಿಯ ಪಕ್ಕದ ಹಳೆಯ ಸೋಫಾದ ಮೇಲೆ ಹರಡಿದ್ದ ಕಾಗದಗಳನ್ನು ಕೆಳಗಿಟ್ಟು, ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಐದು ನಿಮಿಷ ಅಂದುಕೊಂಡಿದ್ದಳು. ವಿದ್ಯಾರ್ಥಿಗಳು ಬಂದು ನೋಡಿದಾಗ ಇರುವೆ ಮೇಡಂ ಗಾಢ ನಿದ್ದೆಯಲ್ಲಿದ್ದರು. ಬಂದವರು ದೀಪ ಆರಿಸಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದರು.