ಎಕ್ಸ್‌ಪ್ರೆಸ್ ಡ್ರೈವರ್ ತೋಟಕ್ಕಿಳಿದದ್ದು

ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನೊಳಗೆ ಡ್ರೈವರು ಒಮ್ಮೆ ತಲೆಸುತ್ತಿ ಸ್ಟೇರಿಂಗ್ ಮೇಲೆ ಕುಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಡಾಕ್ಟರು ಅವನನ್ನು ರಜೆಯ ಮೇಲೆ ಕೂರಿಸಿದರು. ಮತ್ತೆ ಗಾಡಿ ಓಡಿಸಬಹುದೋ ಇಲ್ಲವೋ ಎಂಬುದನ್ನು ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೇಳುತ್ತೇವೆ ಎಂದರು. ಹೊತ್ತಿಗೆ ಮುಂಚೆಯೇ ಬಸ್ಸು ತಂದು ನಿಲ್ಲಿಸುವ ಅವನಿಗೆ ಬೀದಿಯವರು ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದರು. ಈಗ ಆ ಎಕ್ಸ್‌ಪ್ರೆಸ್ಸು ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ಓಡಾಡತೊಡಗಿತು.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವನು ಹಾದಾಗಲೆಲ್ಲ ನೆಲದ ಮೇಲೆ ಹರಡಿದ್ದ ಬಟ್ಟೆಯ ತುಂಡುಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು.

"ಕಾಲಿಗೇನು ಚಕ್ರ ಕಟ್ಕೊಂಡಿದ್ದೀರಾ? ಯಾವ ತೋಳು ಯಾವ ಅಂಗೀದು ಅಂತ ಹುಡುಕೋದೇ ಆಯ್ತು ನಂಗೆ. ಹೋಗಿ, ಆ ತೋಟದಲ್ಲಾದ್ರೂ ಒಂದು ಪಾತಿ ಕೇಳಿ."

ತೋಟವೆಂದರೆ ಬೀದಿಯ ತುದಿಯಲ್ಲಿದ್ದ ಖಾಲಿ ಜಾಗ. ಮನೆಗೊಂದು ಪಾತಿ, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದು ಡ್ರಮ್ಮು, ಗೇಟಿನ ಹತ್ತಿರ ಒಂದು ದೊಡ್ಡ ಬುಟ್ಟಿ. ಮನೆಗೆ ಸಾಕಾಗಿ ಉಳಿದ ತರಕಾರಿಯನ್ನು ಬುಟ್ಟಿಗೆ ಹಾಕಬೇಕು. ಬೇಕಾದವರು ಯಾರನ್ನೂ ಕೇಳದೆ ಒಯ್ಯಬಹುದು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಪಕ್ಕದ ಶಾಲೆಯ ಟೀಚರಮ್ಮ.

ಡ್ರೈವರು ಹುರುಳಿಕಾಯಿ ಬೀಜ ಹಾಕಿದ. ಮರುದಿನವೇ ಮಣ್ಣು ಕೆದಕಿ ನೋಡಿದ. ಅದರ ಮರುದಿನವೂ ನೋಡಿದ.

"ಹಾರ್ನ್ ಹೊಡೆದ್ರೆ ಓಡಿ ಬರೋಕೆ ಅವೇನು ಪ್ಯಾಸೆಂಜರಾ?" ಎಂದು ಟೀಚರಮ್ಮ ನಕ್ಕರು. "ಅವುಗಳ ಪಾಡಿಗೆ ಬಿಡಿ."

ಬಿಡುವುದೊಂದೇ ಅವನಿಗೆ ಬಾರದ ಕೆಲಸ. ಹೇಗೂ ಬಿಡುವಾಗಿದ್ದಾನಲ್ಲ ಎಂದು ಉಳಿದವರು ತಮ್ಮ ಪಾತಿಗಳಿಗೆ ನೀರು ಹಾಕುವುದನ್ನೂ ಅವನಿಗೇ ಒಪ್ಪಿಸಿದರು. ಟೊಮೆಟೊ ಗಿಡಗಳು ಹೂ ಬಿಟ್ಟು ಹಾಗೇ ನಿಂತಿದ್ದವು, ಕಾಯಿ ಕಾಣಿಸುತ್ತಿರಲಿಲ್ಲ. ಅವನು ಅಂಗಡಿಯಿಂದ ಯೂರಿಯಾ ತಂದ. ಡ್ರಮ್ಮಿಗೆ ಒಂದು ಚಮಚ ಸಾಕು ಎಂದು ಅಂಗಡಿಯವನು ಹೇಳಿದ್ದ. ಚಮಚದಿಂದ ಯಾವಾಗ ಬೆಳೆದಾವು ಎಂದುಕೊಂಡು ಡ್ರೈವರು ಮುಷ್ಟಿಗಟ್ಟಲೆ ಕಲಸಿ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಎಲ್ಲ ಪಾತಿಗಳಿಗೂ ಸುರಿದ.

ಎರಡೇ ದಿನದಲ್ಲಿ ಎಲೆಗಳು ಇಸ್ತ್ರಿ ಪೆಟ್ಟಿಗೆ ತಾಗಿದ ಬಟ್ಟೆಯಂತೆ ಕಂದಾಗಿ ಮುರುಟಿದವು. ಸಂಜೆ ಎಲ್ಲರೂ ನಲ್ಲಿಯ ಸುತ್ತ ಸೇರಿದರು. ಯಾರೋ ಅಲ್ಲೇ ಮೆಣಸಿನ ಪಾತಿ ಮಾಡಿದ್ದ ಪೇಂಟರನ ಹೆಸರೆತ್ತಿದರು: ಅವನು ಅದೇ ನಲ್ಲಿಯಲ್ಲಿ ಬ್ರಷ್ ತೊಳೆಯುತ್ತಾನೆ, ಬಣ್ಣದ ವಿಷವೇ ಮಣ್ಣಿಗಿಳಿದಿದೆ ಎಂದರು.

"ಇಲ್ಲಿ ಬ್ರಷ್ ತೊಳೆಯೋದು ಬಿಟ್ಟು ಎಷ್ಟೋ ಕಾಲ ಆಯ್ತು," ಎಂದ ಪೇಂಟರ್. "ನನ್ನ ಮೆಣಸಿನ ಗಿಡಾನೂ ಸುಟ್ಟೋಗಿದೆಯಲ್ಲ, ಕಣ್ಣಿಗೆ ಕಾಣಲ್ವಾ?"

ಯಾರೂ ಕೇಳಲಿಲ್ಲ. ಸ್ವಲ್ಪ ದಿನ ಈ ಕಡೆ ಬರಬೇಡಿ ಎಂದು ಟೀಚರಮ್ಮನೇ ಅವನಿಗೆ ಹೇಳಿದರು. ಅವನು ಗೇಟು ಧಡಾರನೆ ಎಳೆದುಕೊಂಡು ಹೋದ. ಡ್ರೈವರು ಪೈಪು ಹಿಡಿದು ಅಲ್ಲೇ ನಿಂತಿದ್ದ.

ಮನೆಯಲ್ಲಿ ತಟ್ಟೆಯ ಮುಂದೆ ಕೂತವನು ಎದ್ದ, ಮತ್ತೆ ಕೂತ. ಕೊನೆಗೆ ಹೆಂಡತಿಗೆ ಎಲ್ಲ ಹೇಳಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು.

"ಅಲ್ಲೇ ಯಾಕೆ ಹೇಳ್ಲಿಲ್ಲ?"

"ಬಾಯಿಗೆ ಬಂತು ಕಣೇ, ಅಲ್ಲೇ ನಿಂತ್ಬಿಡ್ತು. ಬಸ್ಸಂತೂ ಹೋಯ್ತು. ತೋಟದಿಂದ್ಲೂ ಓಡಿಸಿದ್ರೆ ನಾನೆಲ್ಲಿಗೆ ಹೋಗ್ಲಿ?"

"ಮತ್ತೆ ಅವನೆಲ್ಲಿಗೆ ಹೋಗ್ಬೇಕು?"

ಬೆಳಗ್ಗೆ ಡ್ರೈವರು ಪೇಂಟರನನ್ನು ಹುಡುಕಿಕೊಂಡು ಹೋದ. ಅವನು ಒಂದು ಕಟ್ಟಡದ ಗೋಡೆಗೆ ಏಣಿ ಒರಗಿಸಿ ಬಣ್ಣ ಬಳಿಯುತ್ತಿದ್ದ. ಡ್ರೈವರು ಕೆಳಗೆ ನಿಂತು, ಕತ್ತೆತ್ತಿ, ಮಾಡಿದ್ದನ್ನು ಹೇಳಿದ. ಪೇಂಟರ್ ಏಣಿಯಿಂದ ಇಳಿಯಲಿಲ್ಲ.

"ನನ್ನ ಹತ್ರ ಹೇಳಿ ಏನು ಬಂತಣ್ಣಾ? ನಾನು ಮಾಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತು. ಅವರ ಹತ್ರ ಹೇಳಿ."

ಸಂಜೆ ನಲ್ಲಿಯ ಹತ್ತಿರ ಎಲ್ಲರ ಎದುರು ಹೇಳಿದ. ಮಾತು ಎಂದಿನಂತೆ ಓಡಲಿಲ್ಲ, ತಡೆತಡೆದು ಬಂತು. ಒಬ್ಬರು ಬೈದರು, ಇನ್ನೊಬ್ಬರು ಒಣಗಿದ ಟೊಮೆಟೊ ಗಿಡವನ್ನು ಕಿತ್ತು ಅವನ ಕಾಲ ಬುಡಕ್ಕೆ ಎಸೆದರು. ಟೀಚರಮ್ಮ ಮುಖ ಸಣ್ಣದು ಮಾಡಿಕೊಂಡು, ಚಪ್ಪಲಿ ಮೆಟ್ಟಿ, ನೇರವಾಗಿ ಪೇಂಟರನ ಮನೆಗೆ ನಡೆದರು.

ಡ್ರೈವರನ್ನು ಯಾರೂ ಓಡಿಸಲಿಲ್ಲ. ಸತ್ತ ಗಿಡಗಳನ್ನೆಲ್ಲ ಅವನೇ ಕಿತ್ತ. ಗೊಬ್ಬರದ ಖಾರ ಇಳಿಯಲೆಂದು ಪಾತಿ ಪಾತಿಗೂ ದಿನವೂ ಬರೀ ನೀರು ಹಾಯಿಸಿದ, ಆಮೇಲೆ ಎಲ್ಲರಿಗೂ ಹೊಸ ಬೀಜ ತಂದುಕೊಟ್ಟ. ಮೂಲಂಗಿ ಮೊದಲು ಬಂತು, ಬುಟ್ಟಿ ಮತ್ತೆ ತುಂಬತೊಡಗಿತು. ಪೇಂಟರನೂ ಬಂದು ಮೆಣಸಿನ ಸಸಿ ನೆಟ್ಟ. ಡ್ರೈವರಿಗೆ ಮಾತ್ರ ಬೆನ್ನು ಹಾಕಿಯೇ ಕೂರುತ್ತಿದ್ದ.

ಪರೀಕ್ಷೆಗಳು ಮುಗಿದ ದಿನ ಡ್ರೈವರು ಆಸ್ಪತ್ರೆಯಿಂದ ಮನೆಗೆ ಹೋಗದೆ ತೋಟಕ್ಕೆ ಬಂದ. ಗೇಟು ಹಿಡಿದುಕೊಂಡು ನಿಂತ, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಪೇಂಟರ್ ತಿರುಗಿ ನೋಡಿದ.

"ಏನಂದ್ರು?"

"ಇನ್ನು ಬಸ್ಸು ಮುಟ್ಟೋ ಹಾಗಿಲ್ಲ. ಡಿಪೋ ಆಫೀಸಲ್ಲಿ ಕುರ್ಚಿ ಕೊಡ್ತಾರಂತೆ. ಕೂರಬೇಕಂತೆ, ಇಡೀ ದಿನ."

ಪೇಂಟರ್ ಕೈಗೆ ಹತ್ತಿದ ಮಣ್ಣು ಒರೆಸಿಕೊಂಡ.

"ನಾಳೆಯಿಂದ ನಂಗೆ ದೂರದಲ್ಲಿ ಕೆಲಸ ಇದೆ, ಬರೋದು ತಡ ಆಗುತ್ತೆ. ನನ್ನ ಸಸಿಗೆ ನೀರು ಹಾಕ್ತೀರಾ?"

ಡ್ರೈವರು ತಲೆಯಾಡಿಸಿದ.

"ನೀರು ಅಂದ್ರೆ ನೀರೇ ಅಣ್ಣಾ."

"ನೀರೇ ಮಾರಾಯಾ."

ಪೇಂಟರನಿಗೆ ನಗು ಬಂತು, ಆದರೆ ತಡೆದುಕೊಂಡ. ಡ್ರೈವರು ಮನೆಗೆ ಹೋಗಿ ಹೆಂಡತಿಗೆ ಎರಡೂ ಸುದ್ದಿ ಹೇಳಿದ. ಮೊದಲು ಹೇಳಿದ್ದು ಮೆಣಸಿನ ಸಸಿಯದು.