ಮಾತಿನಲ್ಲಿ ಬಂದ ಘಮ

ಅಬಾಯ್ ಹೊಳೆಯ ಮೇಲ್ದಂಡೆಯ ಆ ಊರಿನಲ್ಲಿ ಅಸ್ಕಾಲೆಗಿಂತ ಅವಳ ಮೂಗಿಗೇ ಹೆಚ್ಚು ಹೆಸರಿತ್ತು. ಬೇಲಿಯಾಚೆ ಬೋಗಾಲೆಚ್‌ಳ ಒಲೆಯ ಮೇಲೆ ಕಡಲೆಹಿಟ್ಟಿನ ಶಿರೋ ತಳ ಹಿಡಿಯುವ ಮೊದಲೇ ಅಸ್ಕಾಲೆ ತನ್ನ ಅಂಗಳದಿಂದ, "ಬೋಗಾಲೆಚ್, ಸೌಟು ಆಡಿಸೇ" ಎಂದು ಕೂಗುತ್ತಿದ್ದಳು. ಹಸು ಯಾವ ಗುಡ್ಡದ ಹುಲ್ಲು ಮೇಯ್ದು ಬಂದಿದೆ ಎಂಬುದು ಹಾಲಿನ ಗಡಿಗೆಯ ಬಾಯಿ ತೆರೆದರೆ ಅವಳಿಗೆ ತಿಳಿಯುತ್ತಿತ್ತು. ಅಂಥ ಮೂಗನ್ನು ದೇವರು ಕೊಟ್ಟಷ್ಟೇ ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡ.

ಮೊದಲ ಮಳೆಯ ಹೊತ್ತಿಗೆ ಅವಳು ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದಳು. ಎದ್ದು ಇಗರ್ಜಿಗೆ ಹೋದಾಗ ಊರಿನ ಪಾದ್ರಿ ಅಬ್ಬಾ ತಕ್ಲು ಧೂಪದ ಪಾತ್ರೆ ತೂಗುತ್ತ ಅವಳ ಮುಂದೆಯೇ ಹಾದುಹೋದರು. ಹೊಗೆ ಕಂಡಿತು, ಘಮ ಬರಲಿಲ್ಲ. ತಾನೇನೋ ತಪ್ಪು ಮಾಡಿರಬೇಕು ಎಂದುಕೊಂಡು ಅಸ್ಕಾಲೆ ಕಲ್ಲುನೆಲಕ್ಕೆ ಹಣೆ ಹಚ್ಚಿದಳು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಅಂದಿನಿಂದ ಸೊಸೆ ಜೆರ್ಫೆ ಕಾಫಿಬೀಜ ಹುರಿದು, ಹೊಗೆಯಾಡುವ ಹಂಚನ್ನು ಮುಖದ ಹತ್ತಿರ ತಂದಾಗಲೆಲ್ಲ ಕಣ್ಣು ಮುಚ್ಚಿ, ಅಂಗೈಯಿಂದ ಹೊಗೆಯನ್ನು ಎಳೆದುಕೊಂಡು, "ಚೆನ್ನಾಗಿದೆ ಮಗಳೇ" ಎನ್ನುತ್ತ ಬಂದಳು. ದಿನಕ್ಕೆ ಎರಡು ಸಲ, ಎರಡು ಸುಳ್ಳು.

ಬಚ್ಚಿಡಲು ಕಾರಣವಿತ್ತು. ಮಾತೆ ಮರಿಯಳ ಹೆಸರಿನಲ್ಲಿ ಹನ್ನೆರಡು ಮನೆಯವರು ಕಟ್ಟಿಕೊಂಡ ಕೂಟವೊಂದಿತ್ತು. ತಿಂಗಳಿಗೊಂದು ಮನೆಯಂತೆ ಸರದಿ. ನೆಹಾಸೆ ತಿಂಗಳ ಹದಿನೈದು ದಿನದ ಉಪವಾಸ ಮುಗಿದು ಮಾತೆಯ ಹಬ್ಬ ಬರುವ ದಿನ ಅಸ್ಕಾಲೆಯ ಮನೆಯ ಸರದಿ. ಅವಳ ತಾಯಿಯ ಕಾಲದಿಂದಲೂ ಹಾಗೆಯೇ. ಅಂದು ಗಾಡಿಚಕ್ರದಷ್ಟು ಅಗಲದ ದಾಬೊ ರೊಟ್ಟಿಯನ್ನು ಅಬ್ಬಾ ಹರಸಿ ಕೊಯ್ಯುತ್ತಾರೆ, ಹನ್ನೆರಡು ಮನೆಗೂ ಪಾಲು ಹೋಗುತ್ತದೆ. ಆ ದಾಬೊ ಬೇಯುವುದು ಹಿಂದಿನ ದಿನ, ಎಲ್ಲರೂ ಬರಿಹೊಟ್ಟೆಯಲ್ಲಿರುವಾಗ. ಹಿಟ್ಟಿನ ಒಂದು ಕಣವನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಕೆಳಗೊಂದು ಬೆಂಕಿ, ಮುಚ್ಚಿದ ಹಂಚಿನ ಮೇಲೊಂದು ಬೆಂಕಿ; ನಡುವೆ ಮುಚ್ಚಳ ತೆರೆದರೆ ಉಬ್ಬಿದ ಹಿಟ್ಟು ಕುಸಿಯುತ್ತದೆ. ಬೆಂದಿತೆಂದು ತಿಳಿಯುವುದಕ್ಕೆ ಇರುವುದು ಮೂಗೊಂದೇ. ಅದಿಲ್ಲವೆಂದು ಗೊತ್ತಾದರೆ ನಾಳೆಯಿಂದ ದಾಬೊ ಬೇರೆಯವರ ಕೈಗೆ ಹೋಗುತ್ತದೆ. ನಲವತ್ತು ವರ್ಷ ಮಾತೆಗೆ ಕೊಟ್ಟ ಕೈ ಬರಿದಾಗುತ್ತದೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮೋಡ ಬೇಲಿಯವರೆಗೂ ಇಳಿದಿತ್ತು. ಜೆರ್ಫೆ ಹಿತ್ತಲಿನಿಂದ ಕೋಬಾ ಬಾಳೆಯ ಎಲೆಗಳನ್ನು ಕೊಯ್ದು ತಂದಳು. ಮಳೆಗಾಲದ ಎಲೆ, ಒಂದೊಂದೂ ಹಾಸಿಕೊಂಡು ಮಲಗುವಷ್ಟು ದೊಡ್ಡದು. ಅಸ್ಕಾಲೆ ಅವನ್ನು ಬೆಂಕಿಯ ಮೇಲೆ ಒಮ್ಮೆ ಆಡಿಸಿ ಬಾಡಿಸಿದಳು, ಹಂಚಿನ ತುಂಬ ಹಾಸಿದಳು. ರಾತ್ರಿಯೆಲ್ಲ ಹುಳಿ ಬಂದಿದ್ದ ಗೋಧಿಹಿಟ್ಟನ್ನು ಕರಿಜೀರಿಗೆ ಬೆರೆಸಿ ಸುರಿದಳು. ಮೇಲೆ ಮತ್ತೆ ಎಲೆ, ಅದರ ಮೇಲೆ ಇನ್ನೊಂದು ಹಂಚು, ಹಂಚಿನ ಮೇಲೆ ಕೆಂಡ. ಶಿಲುಬೆಯ ಗುರುತು ಮಾಡಿ ಕಾಲುಮಣೆಯ ಮೇಲೆ ಕುಳಿತಳು.

ಅಷ್ಟರಲ್ಲಿ ಬೋಗಾಲೆಚ್ ತಲೆಯ ಮೇಲೆ ಗೋಣಿ ಹೊದ್ದು ಒಳಗೆ ಬಂದಳು.

"ನಮ್ಮನೆ ಸೌದೆ ಎಲ್ಲಾ ನೆಂದೋಗಿದೆ. ನಿನ್ನ ಒಲೆ ಮುಂದೆ ಕೂತ್ಕೋತೀನಿ ಕಣೇ."

"ಕೂತ್ಕೋ. ಹೊಟ್ಟೆ ಚುರುಗುಟ್ಟಿದ್ರೆ ನನ್ನನ್ನ ಬೈಬೇಡ."

"ಹದಿನಾಲ್ಕು ದಿನ ಚುರುಗುಟ್ಟಿಸಿಕೊಂಡವಳಿಗೆ ಇವತ್ತೊಂದು ದಿನ ಹೆಚ್ಚೇನಲ್ಲ," ಎಂದ ಬೋಗಾಲೆಚ್ ಕೈ ಕಾಯಿಸಿಕೊಳ್ಳುತ್ತ, "ಮೊನ್ನೆ ನನ್ನ ಶಿರೋ ಸೀದು ಕರಿಕಲಾಯ್ತು. ನೀನು ಪಕ್ಕದಲ್ಲೇ ಕೂತಿದ್ದೆ. ಒಂದು ಮಾತೂ ಆಡಲಿಲ್ಲ," ಎಂದಳು.

"ಜಪ ಮಾಡ್ತಿದ್ದೆ."

"ಹೌದಾ. ಬೇಲಿಯಾಚೆಯಿಂದ ಬೈತಿದ್ದವಳು ಪಕ್ಕದಲ್ಲಿ ಕೂತು ಜಪ ಮಾಡ್ತಿದ್ದೆಯಾ." ಬೋಗಾಲೆಚ್ ಅದಕ್ಕಿಂತ ಹೆಚ್ಚು ಕೆದಕಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ಅಸ್ಕಾಲೆಗೆ ಒಂದು ದಾರಿ ಉಳಿದಿತ್ತು. ಅದನ್ನೇ ನಂಬಿಕೊಂಡು ಅವಳು ಈ ದಿನಕ್ಕೆ ಬಂದಿದ್ದಳು. ಏಳು ವರ್ಷದವಳಿದ್ದಾಗ, ಹೀಗೆಯೇ ನೆಹಾಸೆಯ ಮಳೆಯಲ್ಲಿ ನೆಗಡಿಯಾಗಿ ಮೂಗು ಕಟ್ಟಿತ್ತು. ದಾಬೊ ಯಾವಾಗ ಬೇಯುತ್ತದೆ ಎಂದು ಅಳುತ್ತ ಕುಳಿತವಳನ್ನು ತಾಯಿ ಮಡಿಲಿಗೆ ಎಳೆದುಕೊಂಡು, ಹಂಚಿನ ಕಡೆಗೆ ಕಿವಿ ತಿರುಗಿಸಿದ್ದಳು. "ಕೇಳು. ಈಗ ಹಿಟ್ಟು ಸಂತೆಯ ಹಾಗೆ ಗಲಾಟೆ ಮಾಡ್ತಿದೆ. ಆಮೇಲೆ ಇಬ್ಬರೇ ಕೂತು ಪಿಸುಗುಡ್ತಾರೆ. ಆಮೇಲೆ ಎಲ್ಲರೂ ಪ್ರಾರ್ಥನೆಗೆ ನಿಂತ ಹಾಗೆ ಸುಮ್ಮನಾಗುತ್ತೆ. ಆಗ ತೆಗೀಬೇಕು." ಆ ಹುಡುಗಿ ಕೇಳುತ್ತ ಕೇಳುತ್ತ ಮಡಿಲಲ್ಲಿಯೇ ನಿದ್ದೆ ಹೋಗಿದ್ದಳು. ಕನಸಿನಲ್ಲಿ ತಾಯಿಯ ತೆಳ್ಳನೆ ಬಿಳಿ ನೆಟೆಲಾ ಹೊದಿಕೆಯ ಒಳಗೆ ಸಂತೆಯೊಂದು ನಡೆಯುತ್ತಿತ್ತು. ಜನರೆಲ್ಲ ಹಿಟ್ಟಿನಷ್ಟು ಬೆಳ್ಳಗಿದ್ದರು, ಒಬ್ಬೊಬ್ಬರಾಗಿ ಬಾಯಿಗೆ ಬೆರಳಿಟ್ಟುಕೊಂಡು ಮನೆಗೆ ಹೊರಟಿದ್ದರು. ಎಲ್ಲರೂ ಹೋದ ಮೇಲೆ ಬಯಲಿನ ನಡುವೆ ಒಂದು ಬೆಳಕು ಉಳಿದಿತ್ತು. ಎಚ್ಚರವಾದಾಗ ತಾಯಿ ಅವಳ ಅಂಗೈಯನ್ನು ಬಿಸಿ ದಾಬೊದ ಮೇಲೆ ಇಟ್ಟಿದ್ದಳು.

ಈಗ ಅಸ್ಕಾಲೆ ಹಾಗೆಯೇ ಬಗ್ಗಿ ಕಿವಿಗೊಟ್ಟಳು. ಸಂತೆ ಕೇಳಿಸಿತು. ಅರ್ಧ ತಾಸಿನ ಮೇಲೆ ಪಿಸುಮಾತು ಕೇಳಿಸಿದಂತಾಯಿತು. ಅವಳ ತುಟಿಯ ಮೇಲೆ ಮಾತೆಯ ಸ್ತುತಿ ಓಡುತ್ತಿತ್ತು.

ಆಗ ಮಳೆ ಬಿತ್ತು. ತಗಡಿನ ಮಾಡಿನ ಮೇಲೆ ಸಾವಿರ ಕುದುರೆ ಓಡಿದಂತೆ ಸುರಿಯಿತು. ಹೋದ ವರ್ಷವಷ್ಟೇ ಮಗ ಹುಲ್ಲು ತೆಗೆದು ಹೆಮ್ಮೆಯಿಂದ ಹಾಕಿಸಿದ ತಗಡು ಅದು. ಅಸ್ಕಾಲೆ ಇನ್ನೂ ಬಗ್ಗಿದಳು, ಕೆಂಡದ ಝಳ ಕೆನ್ನೆಗೆ ಬಡಿಯಿತು. ಹಿಟ್ಟು ಮಾತಾಡುತ್ತಿದೆಯೋ, ಪ್ರಾರ್ಥನೆಗೆ ನಿಂತಿದೆಯೋ, ಸೀಯುತ್ತಿದೆಯೋ ಒಂದೂ ತಿಳಿಯಲಿಲ್ಲ. ನೀರಿನ ಸದ್ದೊಂದೇ. ಅವಳು ಕಣ್ಣು ಮುಚ್ಚಿದಳು. ನನ್ನ ಮರ್ಯಾದೆ ಉಳಿಸು ಎಂದು ಬೇಡಲು ಹೊರಟವಳಿಗೆ ಬಾಯಿ ಬರಲಿಲ್ಲ. ಹನ್ನೆರಡು ಮನೆಯ ರೊಟ್ಟಿ ಅಲ್ಲಿ ಬೇಯುತ್ತಿತ್ತು. ತಾನು ಬೇಡುತ್ತಿದ್ದದ್ದು ತನ್ನ ಮೂಗಿನ ಹೆಸರಿಗಾಗಿ.

"ಜೆರ್ಫೆ," ಎಂದು ಕರೆದಳು. ಸೊಸೆ ಸೌದೆ ಬಿಟ್ಟು ಬಂದಳು. "ನನಗೆ ವಾಸನೆ ಬರ್ತಿಲ್ಲ ಮಗಳೇ. ಇವತ್ತಲ್ಲ. ಜ್ವರ ಬಂದಾಗಿನಿಂದ."

ಜೆರ್ಫೆ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಳು. "ಗೊತ್ತು ಎಮ್ಮಾಯೆ."

"ಹೇಗೆ ಗೊತ್ತು?"

"ಒಂದಿನ ಅನುಮಾನ ಬಂದು ಬೀಜ ಹುರೀದೇ ಹಾಗೇ ಹಂಚು ತಂದು ಹಿಡಿದೆ. ನೀವು ಕಣ್ಣು ಮುಚ್ಚಿ ಗಾಳಿ ಎಳ್ಕೊಂಡು ಚೆನ್ನಾಗಿದೆ ಮಗಳೇ ಅಂದ್ರಿ."

"ಅಯ್ಯೋ ಕಳ್ಳಿ." ಅಸ್ಕಾಲೆಗೆ ಅಳು ಬರಬೇಕಾದಲ್ಲಿ ನಗು ಬಂತು. "ಹೇಳಬಾರದಿತ್ತೇನೇ?"

"ನೀವು ಹೇಳ್ಲಿಲ್ಲವಲ್ಲ. ನಾನು ಹೇಗೆ ಹೇಳ್ಲಿ?" ಎಂದ ಜೆರ್ಫೆ ಹಂಚಿನ ಕಡೆ ನೋಡಿದಳು. "ನನಗೆ ವಾಸನೆ ಬರುತ್ತೆ. ಆದ್ರೆ ಯಾವ ವಾಸನೆ ಬಂದಾಗ ತೆಗೀಬೇಕು ಅನ್ನೋದು ನನಗೆ ತಿಳೀದು. ನೀವು ಯಾವತ್ತೂ ಬಾಯಲ್ಲಿ ಹೇಳಿದವರಲ್ಲ, ಎದ್ದು ತೆಗೆದುಬಿಡ್ತಿದ್ರಿ."

ಅದು ನಿಜ. ಅಸ್ಕಾಲೆ ಅದಕ್ಕೆ ಹೆಸರು ಇಟ್ಟಿರಲಿಲ್ಲ. ಅವಳ ತಾಯಿಯೂ ಇಟ್ಟಿರಲಿಲ್ಲ.

"ಬಂದದ್ದನ್ನ ಬಂದ ಹಾಗೆ ಹೇಳ್ತಾ ಹೋಗು," ಎಂದಳು.

ಜೆರ್ಫೆ ಮೂಗು ಮುಂದೆ ಮಾಡಿದಳು. "ಒದ್ದೆ ಎಲೆ. ಒಗೆದ ಬಟ್ಟೆ ಕಲ್ಲಿನ ಮೇಲೆ ಹಾಕಿದಾಗ ಬರುತ್ತಲ್ಲ, ಅಂಥದ್ದು."

"ಇನ್ನೂ ಇಲ್ಲ."

ಮಳೆ ಸುರಿಯುತ್ತಲೇ ಇತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಕುಳಿತರು.

"ಹುಳಿ ಹೋಯ್ತು. ಕರಿಜೀರಿಗೆ ಎದ್ದು ಬಂತು, ಜೋರಾಗಿದೆ."

"ಅದು ಅವಸರದ್ದು, ಅದರ ಮಾತು ಕೇಳಬೇಡ. ಅದರ ಹಿಂದೆ ಏನಿದೆ?"

"ಹುಲ್ಲಿನ ಬಣವೆ. ಬಿಸಿಲು ಬಿದ್ದ ಹುಲ್ಲಿನ ಬಣವೆ."

ಅಸ್ಕಾಲೆ ಆ ಬಣವೆಯನ್ನು ಕಂಡಳು. ಅದರ ಪಕ್ಕದಲ್ಲಿ ತಾಯಿ ಗೋಧಿ ತೂರುತ್ತಿದ್ದಳು, ಹೊಟ್ಟು ಹೊಳೆಯ ಕಡೆ ಹಾರುತ್ತಿತ್ತು. "ಹತ್ತಿರ ಬಂತು. ಸುಮ್ಮನೆ ಕೂತಿರು."

ಜೆರ್ಫೆ ಕಣ್ಣು ಮುಚ್ಚಿ ಉಸಿರೆಳೆಯುತ್ತ ಕುಳಿತಳು. ಆಮೇಲೆ ಅವಳ ದನಿ ತಾನಾಗಿಯೇ ತಗ್ಗಿತು. "ಎಮ್ಮಾಯೆ, ಇದೇನೋ ಗೊತ್ತಿಲ್ಲ. ನನ್ನ ಮಗ ಹುಟ್ಟಿ ಹದಿನೈದು ದಿನಕ್ಕೆ ಅವನನ್ನ ಎಳೆಬಿಸಿಲಲ್ಲಿ ಮಲಗಿಸಿದ್ದೆ. ಎತ್ಕೊಂಡಾಗ ಅವನ ನೆತ್ತಿ ಹೀಗೇ ಇತ್ತು."

ಆ ಮಗುವಿನ ಅಪ್ಪನ ನೆತ್ತಿಯನ್ನು ಅಸ್ಕಾಲೆ ಇದೇ ಬಾಗಿಲಲ್ಲಿ ಮೂಸಿದ್ದಳು. ನಲವತ್ತು ವರ್ಷ ಹೆಸರಿಲ್ಲದೆ ಬಂದು ಎಬ್ಬಿಸುತ್ತಿದ್ದದ್ದು ಇದೇ.

"ತೆಗಿ," ಎಂದಳು.

ಕೆಂಡ ಸರಿಸಿ ಹಂಚೆತ್ತಿದರು. ಎಲೆ ಬಿಡಿಸಿದರೆ ದಾಬೊ ಕೆಂಪಗೆ ಉಬ್ಬಿ ಕುಳಿತಿತ್ತು, ಮೈಮೇಲೆ ಕೋಬಾ ಎಲೆಯ ಗೀರುಗಳು ಮೂಡಿದ್ದವು. ಗೋಡೆಯ ಕಡೆಯ ಒಂದಂಚು ಮಾತ್ರ ಕಪ್ಪಗಾಗಿತ್ತು. ಮಾತಾಡುತ್ತ ಕುಳಿತವರು ಆ ಬದಿಯ ಕೆಂಡ ಸರಿಸುವುದನ್ನು ಮರೆತಿದ್ದರು.

ಮರುದಿನ ಪೂಜೆ ಮುಗಿದು ಹನ್ನೆರಡು ಮನೆಯವರೂ ನೆಂದ ಕಾಲಲ್ಲಿ ಬಂದು ಕುಳಿತರು. ಅಬ್ಬಾ ತಕ್ಲು ದಾಬೊದ ಮೇಲೆ ಶಿಲುಬೆ ಇಟ್ಟು ಹರಸಿ ಕೊಯ್ದರು. ಮೊದಲ ತುತ್ತಿಗೆ ಮನೆಯೆಲ್ಲ ಸುಮ್ಮನಾಯಿತು.

"ಅಸ್ಕಾಲೆ, ನಿನ್ನ ಮೂಗನ್ನ ಮಾತೆ ಕಾಯಲಿ," ಎಂದರು ಅಬ್ಬಾ.

ಅಸ್ಕಾಲೆ ಎದ್ದು ನಿಂತಳು. "ಅಬ್ಬಾ, ಅದು ಹೋಗಿ ಮೂರು ತಿಂಗಳಾಯ್ತು. ಇದು ಜೆರ್ಫೆ ಮೂಗಿನ ದಾಬೊ. ಮಾತೆ ಒಪ್ಪಿದ್ರೆ ಇನ್ನು ಮುಂದೂ ಹಾಗೇ."

ಅಬ್ಬಾ ತಮ್ಮ ಕೈಯಲ್ಲಿದ್ದ ತುಂಡನ್ನೊಮ್ಮೆ, ಅತ್ತೆ ಸೊಸೆಯರನ್ನೊಮ್ಮೆ ನೋಡಿದರು. "ಇಬ್ಬರು ಕೂಡಿ ಮಾಡಿದ್ದು ಇಷ್ಟು ರುಚಿಯಾಗಿದ್ರೆ ಮಾತೆ ಬೇಡ ಅಂತಾಳಾ?" ಎಂದು ಇನ್ನೊಂದು ತುಂಡಿಗೆ ಕೈ ಚಾಚಿದರು.

"ನನಗೆ ಮೊದಲೇ ಗೊತ್ತಾಗಿತ್ತು," ಎಂದಳು ಬೋಗಾಲೆಚ್ ಬಾಯಿ ತುಂಬಿಕೊಂಡೇ. "ಮೂರು ತಿಂಗಳು ಆರಾಮಾಗಿ ಶಿರೋ ಸೀಸಿಕೊಂಡಿದ್ದೆ. ಇನ್ನು ಈ ಹುಡುಗಿ ಕೈಲಿ ಬೈಸ್ಕೋಬೇಕಲ್ಲ."

ನಗುವಿನ ನಡುವೆ ಅಸ್ಕಾಲೆ ಕಪ್ಪಂಚಿನ ತುಂಡನ್ನು ತನಗೆ ಇಟ್ಟುಕೊಂಡಳು. ನಾಲಿಗೆಗೆ ಉಪ್ಪು ತಾಕಿತು, ಕಹಿ ತಾಕಿತು. ಘಮ ಬರಲಿಲ್ಲ. ಅವಳು ಪಕ್ಕಕ್ಕೆ ವಾಲಿ ಸೊಸೆಯ ಕಿವಿಯಲ್ಲಿ ಕೇಳಿದಳು: "ಈಗ ಹೇಗಿದೆ ಹೇಳು."

ಜೆರ್ಫೆ ಹೇಳತೊಡಗಿದಳು. ಅಸ್ಕಾಲೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತ ಮೆಲ್ಲಗೆ ಅಗಿದಳು.